ನಮ್ಮವರು ಅಲ್ಲಿ ನರಳುವಾಗ, ನಾವು ಇಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕ ಹದಿನಾಲ್ಕು ತಿಂಗಳು ಕಾಯಿಲೆಯಲ್ಲಿ ನರಳಿದಳು. ಅಷ್ಟು ತಿಂಗಳಲ್ಲಿ ನಾನು ಅವಳ ಹತ್ತಿರ ಇದ್ದದ್ದು ಲೆಕ್ಕ ಹಾಕಿ ಹತ್ತೊಂಬತ್ತು ದಿನ. ಉಳಿದ ದಿನವೆಲ್ಲ ಫೋನು. ಆಗ ನನ್ನನ್ನು ನಾನೇ ಕೇಳಿಕೊಂಡ ಪ್ರಶ್ನೆಗಳನ್ನು ಆಮೇಲೆ ಬೇರೆಯವರೂ ಬಂದು ಕೇಳಿದರು. ಒಬ್ಬರ ತಂದೆ ದೂರದ ಐಸಿಯುನಲ್ಲಿ, ಒಬ್ಬರ ಮಗ ಜೈಲಿನಲ್ಲಿ, ಒಬ್ಬರ ಗಂಡ ಯುದ್ಧ ನಡೆಯುವ ಕಡೆ. ಇನ್ನೊಬ್ಬರ ತಮ್ಮ ಎಲ್ಲಿದ್ದಾನೆ ಅನ್ನುವುದೇ ಗೊತ್ತಿಲ್ಲ. ಕತೆ ಬೇರೆ ಬೇರೆ, ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಾನು ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ಅನುಭವಿಸಿದ್ದು ಜಾಸ್ತಿ, ಓದಿದ್ದು ಸ್ವಲ್ಪ. ಅದನ್ನು ನೆನಪಿಟ್ಟುಕೊಂಡು ಓದಿ.

ನೋವು ಅವರಿಗೆ. ನನಗ್ಯಾಕೆ ಹೊಟ್ಟೆಯಲ್ಲಿ ಹಿಂಡಿದ ಹಾಗೆ ಆಗುತ್ತೆ?

ಅದು ನಿಮ್ಮ ಕಲ್ಪನೆಯಲ್ಲ. 2004ರಲ್ಲಿ ಟಾನಿಯಾ ಸಿಂಗರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಲಂಡನ್‌ನಲ್ಲಿ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಪರಸ್ಪರ ಪ್ರೀತಿಸುವ ಜೋಡಿಗಳನ್ನು ಕರೆಸಿ, ಹೆಂಗಸನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿದರು. ಸಂಗಾತಿ ಪಕ್ಕದಲ್ಲಿ ಕೂತಿದ್ದ. ಒಮ್ಮೆ ಅವಳ ಕೈಗೆ ಶಾಕ್, ಒಮ್ಮೆ ಅವನ ಕೈಗೆ. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಈ ಸಲ ಶಾಕ್ ಯಾರಿಗೆ ಎಂದು ತೋರಿಸುವ ಬಣ್ಣದ ಗುರುತು ಮಾತ್ರ ಕಾಣುತ್ತಿತ್ತು. ಅವನ ಸರದಿ ಬಂದಾಗಲೂ ಅವಳ ಮಿದುಳಿನಲ್ಲಿ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗಗಳು ಎಚ್ಚೆತ್ತವು. ನೋವು ಮೈಯ ಯಾವ ಜಾಗದಲ್ಲಿ, ಎಷ್ಟು ಜೋರು ಎಂದು ಗುರುತಿಸುವ ಭಾಗಗಳು ಮಾತ್ರ ಸುಮ್ಮನಿದ್ದವು.

ಅಂದರೆ ಅವರ ಗಾಯ ನಮಗೆ ದಾಟುವುದಿಲ್ಲ, ಸಂಕಟ ದಾಟುತ್ತದೆ. ಅದಕ್ಕೆ ಮುಖ ಕಾಣಲೇಬೇಕು ಎಂದೂ ಇಲ್ಲ. ಅಕ್ಕ ಫೋನಿನಲ್ಲಿ "ಪರವಾಗಿಲ್ಲ ಕಣೇ" ಅನ್ನುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರಿಗೇ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಪಕ್ಕದಲ್ಲಿದ್ದು ನೋಡಿಕೊಳ್ಳುವವರ ಕಷ್ಟದ ಮುಂದೆ ನನ್ನದೇನು? ಅಳೋಕೆ ನನಗೆ ಹಕ್ಕಿದೆಯಾ?

ಅವರ ಕಷ್ಟ ದೊಡ್ಡದು, ಅನುಮಾನವೇ ಇಲ್ಲ. ಅವರಿಗೆ ಬೆನ್ನು ನೋವು, ನಿದ್ದೆಗೇಡು, ಖರ್ಚು, ಓಡಾಟ. ನಮಗೆ ಅದ್ಯಾವುದೂ ಇಲ್ಲ. ಆದರೆ ಅವರಿಗೆ ಇರುವ ಒಂದು ನಮಗಿಲ್ಲ: ಕೈಗೆ ಕೆಲಸ. ಹೊದಿಕೆ ಸರಿಮಾಡಬಹುದು, ನೀರು ಕುಡಿಸಬಹುದು, ಕಾಲು ಒತ್ತಬಹುದು. ಪ್ರೀತಿ ಕೈಗಳ ಮೂಲಕ ಹೊರಗೆ ಹೋಗುತ್ತದೆ. ದೂರದಲ್ಲಿ ಕೂತವರ ಪ್ರೀತಿಗೆ ಹೋಗಲು ದಾರಿಯೇ ಇಲ್ಲ. ಅದು ಒಳಗೇ ನಿಂತು ಕೊಳೆಯುತ್ತದೆ. ಈ ಸಂಕಟದ ಅರ್ಧ ಪಾಲು ಇದೇ ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಿಷಯ. ದೂರದವರಿಗೆ ಸಿಗುವುದು ಕಾಯಿಲೆಯ ಮುಖ್ಯ ಸುದ್ದಿ ಮಾತ್ರ. ಜ್ವರ ಬಂತು, ರಕ್ತ ಕಮ್ಮಿಯಾಯಿತು, ಊಟ ಸೇರಲಿಲ್ಲ. ಸುದ್ದಿಗಳ ನಡುವಿನ ಮಾಮೂಲಿ ಹೊತ್ತು ಸಿಗುವುದಿಲ್ಲ. ಒಂದು ಸಂಜೆ ಅಕ್ಕನಿಗೆ ತುಂಬಾ ನೋವು ಅಂತ ಮೆಸೇಜ್ ಬಂತು. ನಾನು ರಾತ್ರಿಯಿಡೀ ಅತ್ತೆ. ತಿಂಗಳುಗಳ ನಂತರ ಭಾವ ಹೇಳಿದರು: ಅವತ್ತು ಮಾತ್ರೆ ತೆಗೆದುಕೊಂಡು ಅರ್ಧ ಗಂಟೆಗೆ ಅವಳು ಎದ್ದು ಕೂತು, ಟಿವಿ ಧಾರಾವಾಹಿಯ ಅತ್ತೆಯನ್ನು ಒಂದು ಗಂಟೆ ಬೈದಳಂತೆ. ಆ ಒಂದು ಗಂಟೆ ನನಗೆ ಯಾರೂ ಕಳಿಸಿರಲಿಲ್ಲ.

ಹಕ್ಕಿನ ವಿಚಾರಕ್ಕೆ ಬಂದರೆ, ಸುತ್ತಲಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖಗಳ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1980ರ ದಶಕದಿಂದ ಬರೆಯುತ್ತಾ ಬಂದಿದ್ದಾರೆ. ಮಾಜಿ ಹೆಂಡತಿ, ಗೆಳೆಯ, ಯಾರಿಗೂ ಹೇಳದ ಪ್ರೀತಿ, ಹೀಗೆ. ಯಾರೂ ಬಂದು "ನಿನಗೂ ಕಷ್ಟ ಅಲ್ವಾ" ಅನ್ನದಿದ್ದರೆ ದುಃಖ ಕಮ್ಮಿಯಾಗುವುದಿಲ್ಲ, ಮುಚ್ಚಿಟ್ಟುಕೊಳ್ಳುವ ಕೆಲಸ ಸೇರಿಕೊಳ್ಳುತ್ತದೆ ಅಷ್ಟೇ.

ಅವರಿನ್ನೂ ಬದುಕಿದ್ದಾರೆ. ಈಗಲೇ ದುಃಖಪಡೋದು ಅಪಶಕುನ ಅಲ್ವಾ?

ನನ್ನ ಅಮ್ಮ ಹಾಗೇ ಅನ್ನುತ್ತಿದ್ದರು. "ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸುತ್ತಿದ್ದರು. ಆದರೆ ದುಃಖ ಸಾವಿಗಾಗಿ ಕಾಯುವುದಿಲ್ಲ. ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲೇ ಇದನ್ನು ಗಮನಿಸಿ ಬರೆದರು. ಯುದ್ಧಕ್ಕೆ ಹೋದ ಗಂಡನನ್ನು ನೆನೆದು, ಅವನು ಸತ್ತೇಹೋದರೆ ಎಂದು ಮನೆಯವರು ಮುಂಚೆಯೇ ದುಃಖಿಸಿ ಮುಗಿಸಿಬಿಡುತ್ತಿದ್ದರು. ಕೆಲವು ಸಲ ಸೈನಿಕ ಜೀವಂತ ವಾಪಸ್ ಬಂದಾಗ ಹೆಂಡತಿಯ ಮನಸ್ಸಿನಲ್ಲಿ ಅವನಿಗೆ ಜಾಗವೇ ಉಳಿದಿರಲಿಲ್ಲ.

ಆಮೇಲೆ 1970ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ನೋಡಿ, ಈ ಬಗೆಯ ನಷ್ಟಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಅಸ್ಪಷ್ಟ ನಷ್ಟ ಅನ್ನಬಹುದು. ಅದರಲ್ಲಿ ಎರಡು ಬಗೆ. ಮೈ ಇಲ್ಲಿಲ್ಲ, ಮನಸ್ಸಿನ ತುಂಬಾ ಅವರೇ. ಅಥವಾ ಮೈ ಕಣ್ಣೆದುರಿಗೇ ಇದೆ, ಆ ಮನುಷ್ಯ ಅದರೊಳಗಿಲ್ಲ. ಎರಡಕ್ಕೂ ಕೊನೆ ಅನ್ನುವುದು ಇಲ್ಲದ ಕಾರಣ ಮನಸ್ಸು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಇದು ನಿಮ್ಮ ದೌರ್ಬಲ್ಯವಲ್ಲ, ಪರಿಸ್ಥಿತಿಯೇ ಹಾಗಿದೆ ಅನ್ನುವುದು ಬಾಸ್ ಅವರ ಮಾತಿನ ತಿರುಳು. ನನಗೆ ಆ ಹೆಸರು ಸಿಕ್ಕ ದಿನ ಅರ್ಧ ಭಾರ ಇಳಿದಿತ್ತು.

ದುಃಖಕ್ಕೆ ಐದು ಹಂತ ಅಂತಾರಲ್ಲ. ನಾನು ಎಷ್ಟನೇ ಹಂತದಲ್ಲಿದ್ದೇನೆ?

ಯಾವುದರಲ್ಲೂ ಅಲ್ಲ. 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಆ ಐದನ್ನು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಹೇಳಿದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ದೂರದಲ್ಲಿ ಕೂತು ಚಡಪಡಿಸುವವರ ಬಗ್ಗೆ ಅಲ್ಲ. ನನಗಂತೂ ಒಂದೇ ಬೆಳಿಗ್ಗೆ ಐದೂ ಬಂದು ಹೋದದ್ದಿದೆ.

ಏನೂ ಮಾಡೋಕಾಗದೆ ಕೈಕಾಲೇ ಆಡುತ್ತಿಲ್ಲ. ಹಾಸಿಗೆ ಬಿಟ್ಟು ಏಳೋಕೂ ಮನಸ್ಸಿಲ್ಲ. ನಾನು ಸೋಮಾರಿಯಾಗಿಬಿಟ್ಟೆನಾ?

ಇಲ್ಲ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನೋವಿಜ್ಞಾನಿಗಳು ನಾಯಿಗಳ ಮೇಲೆ ಒಂದು ಕ್ರೂರವಾದ ಪ್ರಯೋಗ ಮಾಡಿದರು. (ಓದುವಾಗ ನನಗೆ ಆ ನಾಯಿಗಳದ್ದೇ ಯೋಚನೆ.) ಏನು ಮಾಡಿದರೂ ಶಾಕ್ ನಿಲ್ಲದ ಜಾಗದಲ್ಲಿದ್ದ ನಾಯಿಗಳಲ್ಲಿ ಬಹಳಷ್ಟು, ಆಮೇಲೆ ಸುಲಭವಾಗಿ ತಪ್ಪಿಸಿಕೊಳ್ಳುವ ಜಾಗಕ್ಕೆ ಬಿಟ್ಟಾಗಲೂ ಸುಮ್ಮನೆ ಮಲಗಿದವು. ಅವು ಅಸಹಾಯಕತೆಯನ್ನು ಕಲಿತವು ಅಂತ ವಿವರಿಸಿದರು. ಸುಮಾರು ಐವತ್ತು ವರ್ಷ ಕಳೆದು, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿರುಗಿಸಿದರು. ಕಷ್ಟ ಬಹಳ ಹೊತ್ತು ಮುಂದುವರಿದರೆ ಸುಮ್ಮನೆ ಬಿದ್ದುಕೊಳ್ಳುವುದೇ ಮಿದುಳಿನ ಮೂಲ ಸ್ವಭಾವ. ಕಲಿಯಬೇಕಾಗುವುದು "ಇದು ನನ್ನ ಕೈಯಲ್ಲಿದೆ" ಅನ್ನುವುದನ್ನು.

ಹಾಗಾಗಿ ಕೈಗೆ ಒಂದು ಕೆಲಸ ಹುಡುಕಿ. ಸಣ್ಣದಾಗಿರಲಿ, ಆದರೆ ನಿಜವಾಗಿ ಅವರಿಗೆ ತಲುಪುವಂಥದ್ದಾಗಿರಲಿ. ನಮ್ಮಲ್ಲಿ ಆದದ್ದು ಹೀಗೆ. ಭಾವನಿಗೆ ದಿನಕ್ಕೆ ನಲವತ್ತು ಫೋನ್ ಬರುತ್ತಿತ್ತು. ಪ್ರತಿಯೊಬ್ಬರಿಗೂ ಅದೇ ಕತೆ ಮೊದಲಿಂದ ಹೇಳಬೇಕಿತ್ತು. ಆ ಕೆಲಸ ನಾನು ತೆಗೆದುಕೊಂಡೆ. ದಿನಾ ರಾತ್ರಿ ಎಂಟಕ್ಕೆ ಭಾವನ ಜೊತೆ ಐದು ನಿಮಿಷ ಮಾತಾಡಿ, ಎಲ್ಲ ನೆಂಟರಿಗೂ ಒಂದೇ ಮೆಸೇಜ್ ಬರೆದು ಕಳಿಸುತ್ತಿದ್ದೆ. ಕೊನೆಗೆ "ದಯವಿಟ್ಟು ಮನೆಗೆ ಫೋನ್ ಮಾಡಬೇಡಿ, ನನಗೆ ಮಾಡಿ" ಅಂತ ಸೇರಿಸುತ್ತಿದ್ದೆ. "ಇದೊಂದು ನನ್ನ ತಲೆಯಿಂದ ಇಳೀತಮ್ಮ" ಅಂದರು ಭಾವ. ಔಷಧಿಗಳ ಪಟ್ಟಿ ಇಡುವುದು, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಡುವುದು, ವಿಮೆಯ ಕಾಗದ ತುಂಬುವುದು, ವಕೀಲರ ಹಿಂದೆ ಬೀಳುವುದು, ಇವೆಲ್ಲ ದೂರದಿಂದಲೇ ಆಗುವ ಕೆಲಸ. ಮಾಡುವ ಮುಂಚೆ ಅಲ್ಲಿರುವವರನ್ನು ಕೇಳಿ. ಕೇಳದೆ ಮಾಡಿದ ಉಪಕಾರ ಅವರಿಗೆ ಇನ್ನೊಂದು ಕೆಲಸ.

ಫೋನ್ ಮಾಡಿದರೆ ಏನು ಮಾತಾಡಬೇಕು ಅಂತಲೇ ತೋಚಲ್ಲ.

ಯಾರಿಗೆ ತೋಚುತ್ತೆ? ನಾನು ಮೊದಲ ಎರಡು ತಿಂಗಳು ತಪ್ಪೇ ಮಾಡಿದೆ. ಫೋನ್ ಎತ್ತಿದ ತಕ್ಷಣ "ಹೇಗಿದ್ದೀಯಕ್ಕಾ?" ಅನ್ನುತ್ತಿದ್ದೆ. ಕಾಯಿಲೆಯವರಿಗೆ ಇದು ಪರೀಕ್ಷೆಯ ಪ್ರಶ್ನೆ. ನಿಜ ಹೇಳಿದರೆ ನೀವು ಅಳುತ್ತೀರಿ, ಸುಳ್ಳು ಹೇಳಿದರೆ ಅವರು ಒಂಟಿಯಾಗುತ್ತಾರೆ. ಕೊನೆಗೆ ಅವಳೇ ಒಂದು ದಿನ "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳೇ" ಅಂದಳು. ಆಮೇಲೆ "ಈಗ ಏನು ಮಾಡ್ತಿದ್ದೆ?" ಅಂತ ಕೇಳಲು ಶುರುಮಾಡಿದೆ. ಕಿಟಕಿ ಹೊರಗಿನ ಬೆಕ್ಕಿನ ಕತೆ ಬಂತು, ಪಕ್ಕದ ಹಾಸಿಗೆಯವರ ಜಗಳ ಬಂತು. ನೋವಿನ ಮಾತು ಬರಬೇಕೆನಿಸಿದಾಗ ತಾನಾಗಿಯೇ ಬಂತು.

"ಧೈರ್ಯವಾಗಿರು", "ಎಲ್ಲಾ ಸರಿಹೋಗುತ್ತೆ" ಇವೆರಡನ್ನು ಆದಷ್ಟು ಕಮ್ಮಿ ಮಾಡಿ. ಕೇಳುವುದಕ್ಕೆ ಚೆನ್ನ, ಆದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಅವರು "ಹೂಂ" ಅನ್ನಬೇಕು ಅಷ್ಟೇ. ಅದರ ಬದಲು "ನನಗೂ ಏನು ಹೇಳಬೇಕೋ ಗೊತ್ತಾಗ್ತಿಲ್ಲ, ಸುಮ್ನೆ ಲೈನಿನಲ್ಲಿ ಇರ್ತೀನಿ" ಅನ್ನಿ. ನಾವು ಎಷ್ಟೋ ಸಲ ಇಪ್ಪತ್ತು ನಿಮಿಷ ಮಾತೇ ಆಡದೆ ಫೋನ್ ಹಿಡಿದು ಕೂತಿದ್ದೇವೆ. ನಾನು ಇಲ್ಲಿ ಬಟ್ಟೆ ಮಡಚುತ್ತಿದ್ದೆ, ಅವಳು ಅಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ವಿಡಿಯೋ ಕಾಲ್ ಮಾಡುವ ಮುಂಚೆ ಮಾತ್ರ ಒಪ್ಪಿಗೆ ಕೇಳಿ. ತಮ್ಮ ಮುಖವನ್ನು ಆ ಸಣ್ಣ ಚೌಕದಲ್ಲಿ ನೋಡಿಕೊಳ್ಳುವುದು ಅವರಿಗೆ ಬೇಡವಾಗಿರಬಹುದು.

ಉದ್ದ ಮಾತು ಬೇಕೇಬೇಕು ಅಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ನೆಲದಲ್ಲಿ ಸಿಕ್ಕಿಕೊಂಡ ಮನೆಯವರಿಗೆ ರೆಡ್ ಕ್ರಾಸ್ ಮೂಲಕ ಒಂದು ಫಾರಂ ಕಳಿಸಬಹುದಿತ್ತು. ಅದರಲ್ಲಿ ಬರೆಯಲು ಇದ್ದದ್ದು 25 ಪದ. ಅದೂ ಮನೆಯ ಸುದ್ದಿ ಮಾತ್ರ. ಉತ್ತರಕ್ಕೂ 25 ಪದ, ಅದು ಬರಲು ತಿಂಗಳುಗಟ್ಟಲೆ. ಅಂಥ ಫಾರಂಗಳನ್ನು ಜನ ಜೀವಮಾನವಿಡೀ ಎತ್ತಿಟ್ಟುಕೊಂಡಿದ್ದಾರೆ. ಮಾತೇ ಬಾರದ ದಿನ 25 ಪದ ಬರೆದು ಕಳಿಸಿ ನೋಡಿ. "ಉತ್ತರ ಬರೆಯಬೇಕಿಲ್ಲ" ಅನ್ನುವ ಎರಡು ಪದವೂ ಅದರಲ್ಲಿ ಇರಲಿ.

ಅವರ ಜೊತೆ ಮಾತಾಡುತ್ತಾ ಅತ್ತರೆ ತಪ್ಪಾ?

ತಪ್ಪಲ್ಲ. ಅವರು ನಿಮ್ಮನ್ನು ಸಮಾಧಾನ ಮಾಡುತ್ತಾ ಕೂರುವಷ್ಟು ಅತ್ತರೆ ಮಾತ್ರ ಅವರಿಗೆ ಸುಸ್ತು. ಆಗ "ನಾಳೆ ಮಾಡ್ತೀನಿ" ಅಂದು ಇಟ್ಟುಬಿಡಿ.

ಮನೆಯವರು ನನಗೆ ನಿಜ ಹೇಳುತ್ತಿಲ್ಲ ಅನಿಸುತ್ತೆ.

ಹೇಳುತ್ತಿಲ್ಲದೇ ಇರಬಹುದು. "ದೂರದಲ್ಲಿದ್ದಾಳೆ, ಸುಮ್ನೆ ಯಾಕೆ ಗಾಬರಿ ಮಾಡೋದು" ಅಂತ ಮುಚ್ಚಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಒಂದು ಸಲ ಮುಚ್ಚಿಟ್ಟದ್ದು ಗೊತ್ತಾದರೆ ಆಮೇಲೆ ಅವರು "ಚೆನ್ನಾಗಿದ್ದಾಳೆ" ಅಂದರೂ ನಂಬಿಕೆ ಬರುವುದಿಲ್ಲ. ಅಕ್ಕನಿಗೆ ಒಂದು ಆಪರೇಷನ್ ಆದದ್ದು ನನಗೆ ಮೂರು ದಿನ ಬಿಟ್ಟು ಗೊತ್ತಾಯಿತು. ಅದಾದ ಮೇಲೆ ವಾರಗಟ್ಟಲೆ ನಾನು ಅಕ್ಕನ ಮಗಳ ದನಿಯಲ್ಲಿ ಸುಳ್ಳು ಹುಡುಕುತ್ತಿದ್ದೆ, ಪಾಪ.

ಒಬ್ಬರನ್ನು ಆರಿಸಿಕೊಂಡು ಒಪ್ಪಂದ ಮಾಡಿಕೊಳ್ಳಿ. ಕೆಟ್ಟದ್ದಿದ್ದರೂ ಅವತ್ತೇ ಹೇಳಬೇಕು. ಹೊಸದೇನೂ ಇಲ್ಲದಿದ್ದರೆ "ಹೊಸದೇನೂ ಇಲ್ಲ" ಅಂತಲೇ ಹೇಳಬೇಕು. ಅದಕ್ಕೆ ಬದಲಾಗಿ ನೀವು ಆ ಸುದ್ದಿ ಕೇಳಿ ಅವರ ಮೇಲೆ ರೇಗಬಾರದು, ಅಲ್ಲಿಂದಲೇ ಸಲಹೆ ಕೊಡಲು ಶುರುಮಾಡಬಾರದು. ಎರಡನೆಯದು ಕಷ್ಟ. ದೂರದವರು ಇಂಟರ್ನೆಟ್ಟಿನಲ್ಲಿ ಓದಿ ಫೋನಿನಲ್ಲಿ ಡಾಕ್ಟರಾಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ.

ಕಣ್ಣು ಮುಚ್ಚಿದರೆ ಅವರು ನರಳುವುದೇ ಕಾಣುತ್ತೆ. ಹೇಗೆ ನಿಲ್ಲಿಸಲಿ?

ಬಲವಂತವಾಗಿ ನಿಲ್ಲಿಸಲು ಹೋದರೆ ಜಾಸ್ತಿಯಾಗುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಒಂದು ಪ್ರಯೋಗದಲ್ಲಿ ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಅಂದರು. ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ನೆನೆಯಬಹುದು ಅಂದಾಗ, ಮೊದಲಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು.

ನನಗೆ ಸಹಾಯ ಆದದ್ದು ಚಿತ್ರವನ್ನು ಓಡಿಸುವುದಲ್ಲ, ಸರಿಯಾದ ಚಿತ್ರ ಪಡೆಯುವುದು. ಭಾವನನ್ನು ಕೇಳಿ ಅವಳ ಕೋಣೆಯ ಫೋಟೋ ತರಿಸಿಕೊಂಡೆ. ಹಾಸಿಗೆ ಯಾವ ಕಡೆ, ಕಿಟಕಿ ಎಲ್ಲಿ, ರಾತ್ರಿ ಯಾರು ಜೊತೆಗೆ ಮಲಗುತ್ತಾರೆ, ಎಲ್ಲ ಕೇಳಿದೆ. ಕಾಣದ ಜಾಗವನ್ನು ಮನಸ್ಸು ಭಯದಿಂದ ತುಂಬುತ್ತದೆ. ಕಂಡ ಜಾಗದಲ್ಲಿ ಒಂದು ಕುರ್ಚಿ, ಒಂದು ನೀರಿನ ಬಾಟಲಿ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕಾಯಿಲೆಯ ಹೆಸರು ಹಾಕಿ ಹುಡುಕುವುದನ್ನು ಮಾತ್ರ ಬಿಡಿ. ಆ ಹೊತ್ತಿನಲ್ಲಿ ಯಾವ ಒಳ್ಳೆಯ ಸುದ್ದಿಯೂ ಕಣ್ಣಿಗೆ ಬೀಳುವುದಿಲ್ಲ.

ನಗು ಬಂದಾಗ, ಚೆನ್ನಾಗಿ ಊಟ ಮಾಡಿದಾಗ, ತಪ್ಪು ಮಾಡಿದ ಹಾಗೆ ಅನಿಸುತ್ತೆ.

ನೆದರ್ಲೆಂಡ್ಸ್‌ನಲ್ಲಿ ದುಃಖದ ಬಗ್ಗೆ ಕೆಲಸ ಮಾಡಿದ ಮಾರ್ಗರೆಟ್ ಸ್ಟ್ರೂಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಒಂದು ಮಾತು ಹೇಳಿದರು. ತಮ್ಮವರನ್ನು ಕಳೆದುಕೊಂಡವರು ಜೋಕಾಲಿಯ ಹಾಗೆ ಆಚೆ ಈಚೆ ತೂಗುತ್ತಾರೆ. ಒಮ್ಮೆ ನೋವಿನ ಕಡೆ, ಒಮ್ಮೆ ದಿನದ ಬದುಕಿನ ಕಡೆ. ಆ ತೂಗಾಟವೇ ಆರೋಗ್ಯ. ಕಾಯುತ್ತಾ ಕೂತವರಿಗೂ ಇದು ಸರಿಹೊಂದುತ್ತದೆ ಅಂತ ನನ್ನ ಅನುಭವ. ನಾನು ಉಪವಾಸ ಕೂತರೆ ಅಕ್ಕನ ಹೊಟ್ಟೆ ತುಂಬುತ್ತಿರಲಿಲ್ಲ. ಗೊತ್ತಿತ್ತು. ಆದರೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ಅವಳ ಜೊತೆ ಫೋನಿನಲ್ಲಿ ಇರುವಾಗಲೇ ಊಟ ಮಾಡುವುದು ರೂಢಿಯಾಯಿತು. "ಅಗಿಯೋ ಶಬ್ದ ಕೇಳಿಸ್ತಿದೆ, ಅಸಹ್ಯ" ಅನ್ನುತ್ತಿದ್ದಳು.

ಎಲ್ಲ ಬಿಟ್ಟು ಹೋಗಿಬಿಡಲಾ?

ಹೋಗಲು ಆಗುವುದಾದರೆ ಹೋಗಿ. ಆದರೆ ಯಾವಾಗ ಅನ್ನುವುದನ್ನು ಯೋಚಿಸಿ. ಬಹಳ ಜನ ರಜೆಯನ್ನೆಲ್ಲ ಕೊನೆಗೆ ಅಂತ ಉಳಿಸಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅವರು ಮಾತಾಡುವ, ನಗುವ, ಬೈಯುವ ಸ್ಥಿತಿಯಲ್ಲಿ ಇರುವಾಗ ಹೋಗಿ. ಕೊನೆಯ ದಿನ ಯಾವುದು ಅಂತ ಡಾಕ್ಟರಿಗೂ ಖಚಿತವಾಗಿ ಹೇಳಲು ಆಗುವುದಿಲ್ಲ. ಹೋದಾಗ ಅತಿಥಿಯಂತೆ ಕೂರಬೇಡಿ. ದಿನಾ ನೋಡಿಕೊಳ್ಳುವವರನ್ನು ಎರಡು ರಾತ್ರಿ ನಿದ್ದೆ ಮಾಡಲು ಕಳಿಸಿ.

ವೀಸಾ ಇಲ್ಲ, ದುಡ್ಡಿಲ್ಲ, ಗಡಿ ಮುಚ್ಚಿದೆ, ಜೈಲಿನ ಭೇಟಿಗೆ ಅನುಮತಿ ಇಲ್ಲ, ಮನೆಯಲ್ಲಿ ಹಸುಗೂಸಿದೆ. ಹೀಗೆ ಹೋಗಲು ಆಗದವರೇ ಜಾಸ್ತಿ. 2020ರ ಕೋವಿಡ್ ಕಾಲದಲ್ಲಿ ಅದೇ ಊರಿನಲ್ಲಿದ್ದವರೂ ಆಸ್ಪತ್ರೆ ಬಾಗಿಲು ದಾಟಲು ಆಗಲಿಲ್ಲ. ಅವರ ಪ್ರೀತಿ ಕಮ್ಮಿ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಕಾಯಿಲೆಯಲ್ಲ, ಸುದ್ದಿಯೇ ಇಲ್ಲ. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ.

ಇದು ಎಲ್ಲಕ್ಕಿಂತ ಕಠಿಣ. ಇದರಲ್ಲಿ ನನ್ನ ಅನುಭವ ಸೊನ್ನೆ, ಹಾಗಾಗಿ ಕಂಡವರ ಮಾತನ್ನೇ ಹೇಳುತ್ತೇನೆ. ಯುದ್ಧ, ವಿಪತ್ತು, ವಲಸೆಯಲ್ಲಿ ಬೇರೆಯಾದವರನ್ನು ಹುಡುಕುವ ಕೆಲಸವನ್ನು ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಇವತ್ತಿಗೂ ಹಣ ತೆಗೆದುಕೊಳ್ಳದೆ ಮಾಡುತ್ತವೆ. 1914ರಲ್ಲಿ ಜಿನೀವಾದಲ್ಲಿ ಯುದ್ಧಕೈದಿಗಳ ಹೆಸರನ್ನು ಕಾರ್ಡ್‌ಗಳಲ್ಲಿ ಬರೆದು ಜೋಡಿಸುತ್ತಾ ಹೋದರು, ಲಕ್ಷಾಂತರ ಕಾರ್ಡ್. ಆ ಕೆಲಸದ ಮುಂದುವರಿಕೆ ಇದು. ಪೊಲೀಸರಲ್ಲಿ ದೂರು, ರೆಡ್ ಕ್ರಾಸ್‌ನಲ್ಲಿ ಮನವಿ, ಎರಡರ ಪ್ರತಿಯನ್ನೂ ಇಟ್ಟುಕೊಳ್ಳಿ.

1977ರ ಏಪ್ರಿಲ್ 30ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಸೇನಾ ಆಡಳಿತ ಎಳೆದುಕೊಂಡು ಹೋಗಿ ಕಾಣೆಯಾದ ಮಕ್ಕಳ ತಾಯಂದಿರು ಒಂದು ಚೌಕದಲ್ಲಿ ಸೇರಿದರು. ಗುಂಪಾಗಿ ನಿಲ್ಲಬೇಡಿ, ನಡೆಯಿರಿ ಅಂತ ಪೊಲೀಸರು ಗದರಿದರು. ಸರಿ ಅಂತ ಇಬ್ಬಿಬ್ಬರಾಗಿ ನಡೆಯಲು ಶುರುಮಾಡಿದರು. ಆಮೇಲೆ ದಶಕಗಟ್ಟಲೆ ಪ್ರತಿ ಗುರುವಾರ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಅದೇ ಚೌಕವನ್ನು ಸುತ್ತಿದರು. ಕೈಗೆ ಕೆಲಸ ಸಿಗದಿದ್ದಾಗ ಕಾಲಿಗೆ ಕೊಟ್ಟರು.

"ಇನ್ನು ಬರಲ್ಲ ಅಂತ ಒಪ್ಪಿಕೋ" ಅನ್ನುವವರ ಮಾತನ್ನು ಕೇಳಬೇಕಿಲ್ಲ. "ಬಂದೇ ಬರ್ತಾನೆ" ಅಂತ ಬದುಕನ್ನು ನಿಲ್ಲಿಸಬೇಕೂ ಇಲ್ಲ. ಬರಬಹುದು, ಬರದೆಯೂ ಇರಬಹುದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬದುಕುವುದನ್ನೇ ಪಾಲಿನ್ ಬಾಸ್ ಹೇಳುತ್ತಾರೆ.

ಜಗಳವಾಗಿ ಮಾತು ಬಿಟ್ಟವರು ಈಗ ನರಳುತ್ತಿದ್ದಾರೆ. ನಾನೇ ಮಾತಾಡಿಸಲಾ?

ಮೂರು ಸಾಲು ಬರೆದು ಕಳಿಸಿ. ಕಾಯಿಲೆ ಸುದ್ದಿ ಕೇಳಿದೆ, ನೆನೆಯುತ್ತಿದ್ದೇನೆ, ಉತ್ತರ ಬೇಕಿಲ್ಲ. ಹಳೆಯ ಜಗಳದ ಲೆಕ್ಕ ಅದರಲ್ಲಿ ತರಬೇಡಿ. ಕ್ಷಮೆ ಕೇಳಬೇಕಿದ್ದರೆ ಕೇಳಿ, ಅವರಿಂದ ಕ್ಷಮೆ ಕಿತ್ತುಕೊಳ್ಳಲು ಹೋಗಬೇಡಿ. ಅವರು ನಿಮ್ಮನ್ನು ಹಿಂಸೆ ಮಾಡಿದವರಾಗಿದ್ದರೆ ಏನೂ ಕಳಿಸದೆ ಇರುವುದೂ ಸರಿಯೇ. ಹಾಗಿದ್ದೂ ದುಃಖ ಬರಬಹುದು, ಗಾಬರಿಯಾಗಬೇಡಿ.

ಬದುಕಿದ್ದಾರೆ, ಆದರೆ ಪ್ರಜ್ಞೆ ಇಲ್ಲ. ಫೋನಿನಲ್ಲಿ ಮಾತಾಡಿದರೆ ಕೇಳಿಸುತ್ತಾ?

ಕೇಳಿಸುತ್ತಿರಬಹುದು. ಕೆನಡಾದ ಸಂಶೋಧಕರು 2020ರಲ್ಲಿ ಒಂದು ವರದಿ ಪ್ರಕಟಿಸಿದರು. ಸಾವಿಗೆ ಕೆಲವೇ ಗಂಟೆ ಇದ್ದು, ಕರೆದರೆ ಓಗೊಡದ ಕೆಲವು ರೋಗಿಗಳ ಮಿದುಳೂ ಶಬ್ದಕ್ಕೆ ಆರೋಗ್ಯವಂತರ ಮಿದುಳಿನ ಹಾಗೇ ಸ್ಪಂದಿಸುತ್ತಿತ್ತು. ಅರ್ಥವಾಗುತ್ತಿತ್ತಾ ಅನ್ನುವುದು ಬೇರೆ ಮಾತು. ಯಾರಾದರೂ ಫೋನನ್ನು ಕಿವಿಗೆ ಹಿಡಿಯುವುದಾದರೆ ಮಾತಾಡಿ. ಮರೆವಿನ ಕಾಯಿಲೆಯವರಿಗೂ ಇದೇ ಮಾತು. ಹೆಸರು ಮರೆತಿರಬಹುದು, ದನಿಯ ಪ್ರೀತಿ ತಟ್ಟುತ್ತದೆ.

ಎಲ್ಲರೂ "ಏನಾದ್ರೂ ಬೇಕಾದ್ರೆ ಹೇಳಿ" ಅಂತಾರೆ. ಸಿಟ್ಟು ಬರುತ್ತೆ.

ನನಗೂ ಬರುತ್ತಿತ್ತು. ಏನು ಬೇಕು ಅಂತ ಗೊತ್ತಿದ್ದರೆ ಇಷ್ಟು ಹೊತ್ತಿಗೆ ನಾನೇ ಮಾಡುತ್ತಿರಲಿಲ್ಲವಾ? ಒಬ್ಬ ಸಹೋದ್ಯೋಗಿ ಮಾತ್ರ ಕೇಳದೆ ಪ್ರತಿ ಮಂಗಳವಾರ ನನ್ನ ಜೊತೆ ನಡೆದುಕೊಂಡು ಮನೆವರೆಗೂ ಬರುತ್ತಿದ್ದರು. ಅಕ್ಕನ ವಿಷಯ ಎತ್ತುತ್ತಲೇ ಇರಲಿಲ್ಲ. ನೀವು ಬೇರೆಯವರಿಗೆ ಮಾಡುವುದಾದರೆ ಹಾಗೆ ಮಾಡಿ.

ಮನೆಯಲ್ಲಿ ಮಕ್ಕಳಿದ್ದಾರೆ. ಅವರಿಗೆ ಏನು ಹೇಳೋದು?

ನಿಜ, ಸಣ್ಣ ಪದಗಳಲ್ಲಿ. "ದೊಡ್ಡಮ್ಮನಿಗೆ ತುಂಬಾ ಹುಷಾರಿಲ್ಲ. ಅದಕ್ಕೇ ಅಮ್ಮ ಅಳ್ತಿದ್ದೀನಿ. ನೀನೇನೂ ತಪ್ಪು ಮಾಡಿಲ್ಲ." ಕೊನೆಯ ವಾಕ್ಯ ಬಿಡಬೇಡಿ. ಮಕ್ಕಳು ಬಹಳ ಸಲ ತಮ್ಮಿಂದಲೇ ಹೀಗಾಯಿತು ಅಂದುಕೊಳ್ಳುತ್ತಾರೆ.

"ಇದು ಬೇಗ ಮುಗಿದರೆ ಸಾಕು" ಅಂತ ಒಂದು ಕ್ಷಣ ಅನ್ನಿಸಿತು. ನಾನು ಎಂಥವಳು?

ನನ್ನ ಹಾಗೆ ಇನ್ನೊಬ್ಬಳು. ಮುಗಿಯಲಿ ಅನ್ನಿಸಿದ್ದು ನೋವು, ಮನುಷ್ಯ ಅಲ್ಲ. ದೂರದಲ್ಲಿ ಕೂತು ನೋಡುವಾಗ ಅವೆರಡೂ ಬೆರೆತು ಹೋಗುತ್ತವೆ.

ಆದರೆ ಇದನ್ನು ಒಂದು ಕೆಲಸವಾಗಿ ತಿರುಗಿಸಬಹುದು. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಯ ದಿನಗಳಲ್ಲಿ ಇರುವವರನ್ನು ನೋಡಿಕೊಳ್ಳುವ ಜಾಗ, ಶುರುಮಾಡಿದರು. ಕೊನೆಯ ದಿನಗಳ ನೋವು ಮೈಯದ್ದು ಮಾತ್ರವಲ್ಲ, ಭಯ, ಮನೆಯ ಚಿಂತೆ, ಒಂಟಿತನ, ಎಲ್ಲ ಸೇರಿ ಒಂದೇ ನೋವು ಅಂದರು ಅವರು. ನೋವಿನ ಔಷಧವನ್ನು ನೋವು ತಡೆಯಲಾಗದೆ ಕೂಗಿದಾಗ ಅಲ್ಲ, ಅದು ಮರಳಿ ಬರುವ ಮುಂಚೆ ಹೊತ್ತು ಹೊತ್ತಿಗೆ ಕೊಡಬೇಕು ಅಂತ ತೋರಿಸಿಕೊಟ್ಟರು. ಅದೇ ದಾರಿಯಲ್ಲಿ ಬೆಳೆದದ್ದು ಇವತ್ತಿನ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್. ಅದು ಚಿಕಿತ್ಸೆ ನಿಲ್ಲಿಸಿದ ಮೇಲೆ ಮಾತ್ರ ಸಿಗುವಂಥದ್ದಲ್ಲ, ಚಿಕಿತ್ಸೆಯ ಜೊತೆಗೇ ಕೇಳಬಹುದು. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನು ಫೋನಿನಲ್ಲಿ ಕೇಳಿದ್ದು ಹತ್ತನೇ ತಿಂಗಳಲ್ಲಿ. ಅದಾದ ಮೇಲೆ ಅವಳ ರಾತ್ರಿಗಳು ಬದಲಾದವು. ಎರಡನೇ ತಿಂಗಳಲ್ಲೇ ಕೇಳಬೇಕಿತ್ತು ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ನೀವು ಇವತ್ತೇ ಕೇಳಿ.

ಕೊನೆಯ ಗಳಿಗೆಯಲ್ಲಿ ನಾನು ಅಲ್ಲಿರಲಿಲ್ಲ.

ನಾನೂ ಇರಲಿಲ್ಲ. ಅಕ್ಕ ಹೋದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. ಫೋನ್ ಒಳಗೆ ಇತ್ತು. ವಾಪಸ್ ಬಂದಾಗ ಏಳು ಮಿಸ್ಡ್ ಕಾಲ್. ಬಹಳ ದಿನ ಆ ಒದ್ದೆ ಬಟ್ಟೆಯ ವಾಸನೆಯೇ ಆಗುತ್ತಿರಲಿಲ್ಲ ನನಗೆ.

ಆಮೇಲೆ ಗೊತ್ತಾದದ್ದು: ಭಾವ ಕೂಡ ಅಲ್ಲಿರಲಿಲ್ಲ. ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದವರು, ಮುಖ ತೊಳೆಯಲು ಹತ್ತು ನಿಮಿಷ ಎದ್ದು ಹೋಗಿದ್ದರು. ಹದಿನಾಲ್ಕು ತಿಂಗಳು ಇದ್ದವರಿಗೂ ಆ ಹತ್ತು ನಿಮಿಷ ತಪ್ಪಿತು. ಇದನ್ನು ಅವರು ನನಗೆ ಹೇಳಲು ಒಂದು ವರ್ಷ ತೆಗೆದುಕೊಂಡರು. ಇಬ್ಬರೂ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದೆವು.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಸಾಯಬೇಕು ಅನ್ನುವ ಯೋಚನೆ ಬಂದರೆ ಈಗಲೇ. ಹತ್ತಿರದಲ್ಲಿ ಇರುವ ಒಬ್ಬರಿಗೆ ಹೇಳಿ, ನೀವಿರುವ ಕಡೆಯ ಸಹಾಯವಾಣಿಗೆ ಅಥವಾ ಎಮರ್ಜೆನ್ಸಿ ನಂಬರ್‌ಗೆ ಫೋನ್ ಮಾಡಿ. ಎದೆ ನೋವು, ಉಸಿರಾಟದ ತೊಂದರೆ ಬಂದರೂ "ದುಃಖಕ್ಕೆ ಹೀಗಾಗ್ತಿದೆ" ಅಂತ ಸುಮ್ಮನಿರಬೇಡಿ. ತೀವ್ರ ದುಃಖದಲ್ಲಿ ಹೃದಯದ ಒಂದು ಭಾಗ ಉಬ್ಬಿ, ಥೇಟ್ ಹಾರ್ಟ್ ಅಟ್ಯಾಕಿನಂತೆ ಕಾಣುವ ತೊಂದರೆಯನ್ನು ಜಪಾನಿನ ಡಾಕ್ಟರುಗಳು 1990ರಲ್ಲಿ ವಿವರಿಸಿದ್ದಾರೆ. ಆ ಹೃದಯದ ಆಕಾರ ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗೆ ಕಂಡದ್ದರಿಂದ ಅದಕ್ಕೆ ಆ ಮಡಕೆಯ ಹೆಸರನ್ನೇ ಇಟ್ಟು ಟಾಕೋತ್ಸುಬೋ ಅಂದರು. ಬಹಳಷ್ಟು ಜನ ಗುಣವಾಗುತ್ತಾರೆ, ಆದರೆ ಯಾವುದು ಯಾವುದು ಅಂತ ಆಸ್ಪತ್ರೆಯಲ್ಲೇ ಹೇಳಬೇಕು.

ಕಳೆದುಕೊಂಡ ಮೇಲೆ ದುಃಖ ತಿಂಗಳುಗಟ್ಟಲೆ ಅದೇ ತೀವ್ರತೆಯಲ್ಲಿ ನಿಂತು, ಕೆಲಸ, ಮನೆ ಯಾವುದೂ ನಡೆಯದ ಹಾಗೆ ಮಾಡಿದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇದಕ್ಕೆ ಕನಿಷ್ಠ 6 ತಿಂಗಳು ಅನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತಂದ ಪಟ್ಟಿ ದೊಡ್ಡವರಿಗೆ 12 ತಿಂಗಳು ಅನ್ನುತ್ತದೆ. ಇದು ರೋಗದ ಹೆಸರು ಕೊಡುವುದಕ್ಕೆ ಇಟ್ಟ ಗೆರೆ. ಸಹಾಯ ಕೇಳಲು ಅಷ್ಟು ದಿನ ಕಾಯಬೇಕಿಲ್ಲ.

ಅವರ ನಂಬರನ್ನು ಫೋನಿನಿಂದ ಅಳಿಸಬೇಕಾ?

ಯಾಕೆ? ನಾನು ಅಳಿಸಿಲ್ಲ. ಈಗ ಆ ನಂಬರ್ ಅಕ್ಕನ ಮಗಳ ಹತ್ತಿರ ಇದೆ. ರಾತ್ರಿ ಎಂಟಕ್ಕೆ "ಅಕ್ಕ" ಅಂತ ಫೋನ್ ಬರುತ್ತೆ. ಎತ್ತಿದರೆ, "ಚಿಕ್ಕಮ್ಮಾ, ಊಟ ಆಯ್ತಾ?" ಅಂತಾಳೆ.